ಟೈರ್ ಗಾಳಿ ನೋಡುವ ಗೇಜ್: ಡಿಜಿಟಲ್ ತಗೊಳ್ಳೋದಾ, ಮುಳ್ಳಿನದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಂಕ್‌ನಲ್ಲಿ ಪುಕ್ಕಟೆ ಗಾಳಿ ಹಾಕ್ತಾರಲ್ಲ, ನನಗ್ಯಾಕೆ ಸ್ವಂತ ಗೇಜ್?

ಗಾಳಿ ಹಾಕಿಸಿಕೊಳ್ಳಲು ಬಂಕ್ ಸಾಕು. ಅಳೆಯಲು ಮಾತ್ರ ಸ್ವಂತದ್ದು ಬೇಕು. ಗಾಡಿ ಕಂಪನಿ ಹೇಳುವ ಅಂಕಿ ತಣ್ಣಗಿರುವ ಟೈರ್‌ಗೆ ಕೊಟ್ಟದ್ದು. ಅಂದರೆ ಗಾಡಿ ಕಮ್ಮಿ ಅಂದರೂ ಮೂರು ಗಂಟೆ ನಿಂತಿರಬೇಕು, ಬಿಸಿಲೂ ಬಿದ್ದಿರಬಾರದು. ನೀವು ಟ್ರಾಫಿಕ್‌ನಲ್ಲಿ ಐದಾರು ಕಿಲೋಮೀಟರ್ ಓಡಿಸಿಕೊಂಡು ಬಂಕ್ ತಲುಪುವಷ್ಟರಲ್ಲಿ ಟೈರ್ ಬಿಸಿಯಾಗಿ ಒಳಗಿನ ಒತ್ತಡ ಏರಿರುತ್ತದೆ. ಅಲ್ಲಿ 33 ಪಿಎಸ್‌ಐ (ಟೈರ್ ಒತ್ತಡ ಅಳೆಯುವ ಮಾನ, ಮುಂದೆ ಪಾಯಿಂಟ್ ಅಂದರೂ ಇದೇ) ಅಂತ ಕಂಡರೂ ಬೆಳಗ್ಗೆ ಮನೆಯಲ್ಲಿ ಅದು 30 ಇರಬಹುದು.

ಇನ್ನೊಂದು, ಬಂಕಿನ ಗೇಜ್ ಪಡುವ ಪಾಡು. ಇಡೀ ದಿನ ಗಾಡಿಗಳು ಬರುತ್ತಲೇ ಇರುತ್ತವೆ. ಪೈಪು ಎಳೆಯುವುದು, ಕೆಲಸ ಆದ ಮೇಲೆ ಕಾಂಕ್ರೀಟ್ ಮೇಲೆ ಬಿಡುವುದು, ಮೇಲಿಂದ ಮಳೆ, ದೂಳು. ಹೊಸ ಡಿಜಿಟಲ್ ಮೆಷಿನ್ ಇರುವ ಕಡೆ ಪರವಾಗಿಲ್ಲ. ಕೈಯಲ್ಲಿ ಹಿಡಿಯುವ ಹಳೇ ಗೇಜ್ ಇದ್ದರೆ ಅದು ತೋರಿಸಿದ್ದನ್ನು ಹಾಗೇ ನಂಬಬೇಡಿ.

ಹಾಗಾದರೆ ಮನೆಯಲ್ಲಿ ಅಳೆದು, ಬಂಕ್‌ನಲ್ಲಿ ಹಾಕಿಸೋದು ಹೇಗೆ? ಅಲ್ಲಿ ಹೋಗುವಷ್ಟರಲ್ಲಿ ಬಿಸಿ ಆಗುತ್ತಲ್ಲ?

ಇದಕ್ಕೊಂದು ಒಳ್ಳೇ ಉಪಾಯ ಇದೆ. ಗೇಜ್ ತಗೊಂಡವರೆಲ್ಲ ಮೊದಲು ಕಲಿಯಬೇಕಾದ್ದು ಇದೇ ಅಂತ ನನ್ನ ಅಭಿಪ್ರಾಯ.

ಬೆಳಗ್ಗೆ ಗಾಡಿ ತೆಗೆಯುವ ಮೊದಲು ನಾಲ್ಕೂ ಟೈರ್ ಅಳೆಯಿರಿ. ಬೇಕಾದ್ದು 33, ಎಡಗಡೆ ಹಿಂದಿನ ಟೈರ್‌ನಲ್ಲಿ 29 ಇದೆ ಅನ್ನೋಣ. ನಾಲ್ಕು ಪಾಯಿಂಟ್ ಕಮ್ಮಿ. ಈ ನಾಲ್ಕನ್ನು ಮಾತ್ರ ನೆನಪಿಟ್ಟುಕೊಳ್ಳಿ. ಬಂಕ್‌ನಲ್ಲಿ ಅದೇ ಟೈರ್‌ಗೆ ಅವರ ಗೇಜ್ ಹಿಡಿದಾಗ 32 ಬಂತಾ, 36ಕ್ಕೆ ಹಾಕಿ ಅನ್ನಿ. 31 ಬಂತಾ, 35 ಅನ್ನಿ. ಅವರ ಗೇಜ್ ಒಂದೆರಡು ಪಾಯಿಂಟ್ ಆಚೀಚೆ ಇದ್ದರೂ, ಟೈರ್ ಬಿಸಿಯಾಗಿದ್ದರೂ ಚಿಂತೆ ಇಲ್ಲ. ಎರಡು ಸಲವೂ ಅದೇ ಗೇಜ್, ಅದೇ ಬಿಸಿ. ನೀವು ಕೇಳುತ್ತಿರುವುದು ವ್ಯತ್ಯಾಸ ಮಾತ್ರ. ಮರುದಿನ ಬೆಳಗ್ಗೆ ನಿಮ್ಮ ಗೇಜ್ ಹಿಡಿದು ನೋಡಿ, 33ರ ಹತ್ತಿರವೇ ಇರುತ್ತದೆ. ಚೂರು ಜಾಸ್ತಿ ಇದ್ದರೆ ಅಲ್ಲೇ ಪುಸ್ ಅಂತ ಬಿಟ್ಟರಾಯಿತು.

ಟೈರ್ ನೋಡಿದರೆ, ಒದ್ದು ನೋಡಿದರೆ ಗೊತ್ತಾಗಲ್ವಾ?

ಲಾರಿ ಡ್ರೈವರ್‌ಗಳು ಕಬ್ಬಿಣದ ರಾಡ್‌ನಿಂದ ಹೊಡೆದು ಸದ್ದು ಕೇಳುತ್ತಾರೆ. ಪೂರ್ತಿ ಇಳಿದ ಟೈರ್ ಯಾವುದು ಅಂತ ಅದರಿಂದ ಪತ್ತೆ ಆಗುತ್ತದೆ. ನೂರರ ಮೇಲೆ ಇರಬೇಕಾದ ಟೈರ್‌ನಲ್ಲಿ ಹತ್ತು ಪಾಯಿಂಟ್ ಕಮ್ಮಿ ಇದ್ದರೆ ಗೊತ್ತಾಗುವುದಿಲ್ಲ. ಕಾರಿನದು ಇನ್ನೂ ಕಷ್ಟ. ಈಗಿನ ರೇಡಿಯಲ್ ಟೈರ್‌ಗಳ ಪಕ್ಕದ ಗೋಡೆ ಮೆತ್ತಗಿರುತ್ತದೆ, ಗಾಳಿ ಸರಿಯಾಗಿದ್ದರೂ ಕೆಳಗೆ ಸ್ವಲ್ಪ ಉಬ್ಬಿದ ಹಾಗೇ ಕಾಣುತ್ತದೆ. 33 ಇರುವ ಟೈರ್, 27 ಇರುವ ಟೈರ್ ಅಕ್ಕಪಕ್ಕ ಇಟ್ಟರೂ ಕಣ್ಣಿಗೆ ಫರಕು ತಿಳಿಯುವುದಿಲ್ಲ. ಗಾಳಿ ಕಮ್ಮಿ ಇದ್ದರೆ ಟೈರ್ ಓಡುವಾಗ ಜಾಸ್ತಿ ಬಳುಕುತ್ತದೆ, ಬಳುಕಿದಷ್ಟೂ ಬಿಸಿ ಏರುತ್ತದೆ. ಬೇಸಿಗೆ ಮಧ್ಯಾಹ್ನ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಜನ ತುಂಬಿಕೊಂಡು ನೂರರ ಹತ್ತಿರ ಓಡಿಸುವಾಗ ಈ ಬಿಸಿಯೇ ಟೈರ್ ಸಿಡಿಯಲು ಕಾರಣ ಆಗಬಹುದು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಯಾವ್ಯಾವ ಬಗೆ ಸಿಗುತ್ತವೆ?

ಮೂರು. ಪೆನ್ನಿನ ಹಾಗಿರುವ ಕಡ್ಡಿ ಗೇಜ್, ಮುಳ್ಳಿನ ಡಯಲ್ ಗೇಜ್, ಡಿಜಿಟಲ್.

ಕಡ್ಡಿ ಗೇಜ್ ಒಳಗೆ ಒಂದು ಪಿಸ್ಟನ್, ಒಂದು ಸ್ಪ್ರಿಂಗ್. ಗಾಳಿ ತಳ್ಳಿದಷ್ಟು ಕಡ್ಡಿ ಹೊರಗೆ ಬರುತ್ತದೆ. ಅಗ್ಗ, ಜೇಬಿನಲ್ಲಿ ಹಿಡಿಸುತ್ತದೆ, ಸೆಲ್ ಬೇಡ. ಆದರೆ ಗೆರೆಗಳು ಒತ್ತೊತ್ತಾಗಿರುತ್ತವೆ, ದೂಳು ಸೇರಿದರೆ ಕಡ್ಡಿ ಹಿಡಿದುಕೊಳ್ಳುತ್ತದೆ. ತುರ್ತಿಗೆ ಇರಲಿ, ಮುಖ್ಯ ಗೇಜ್ ಆಗಿ ಬೇಡ.

ಡಯಲ್ ಗೇಜ್ ಒಳಗೆ ಸಾಮಾನ್ಯವಾಗಿ ಇರುವುದು ಬೋರ್ಡನ್ ಟ್ಯೂಬ್. ಯೂಜೀನ್ ಬೋರ್ಡನ್ ಎಂಬ ಫ್ರೆಂಚ್ ಎಂಜಿನಿಯರ್ 1849ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. ಅರ್ಧಚಂದ್ರದ ಹಾಗೆ ಬಾಗಿಸಿದ, ಚಪ್ಪಟೆಯಾದ ಲೋಹದ ಕೊಳವೆ ಅದು. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ಊದಿದಾಗ ಬಿಚ್ಚಿಕೊಳ್ಳುತ್ತಲ್ಲ, ಹಾಗೆ ಗಾಳಿ ನುಗ್ಗಿದಾಗ ಈ ಕೊಳವೆ ಚೂರೇ ಚೂರು ನೆಟ್ಟಗಾಗುತ್ತದೆ. ಆ ಸಣ್ಣ ಚಲನೆಯನ್ನು ಹಲ್ಲಿನ ಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ.

ಡಿಜಿಟಲ್‌ನಲ್ಲಿ ಇರುವುದು ಒತ್ತಡಕ್ಕೆ ಬಾಗುವ ಒಂದು ಪುಟ್ಟ ಸೆನ್ಸರ್. ಬಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಚಿಪ್ ಅದನ್ನು ಅಂಕಿ ಮಾಡಿ ತೋರಿಸುತ್ತದೆ.

ಡಿಜಿಟಲ್‌ನಲ್ಲಿ 33.4 ಅಂತ ದಶಮಾಂಶ ಸಮೇತ ಬರುತ್ತೆ. ಅಂದಮೇಲೆ ಅದೇ ಕರಾರುವಾಕ್ಕು ಅಲ್ವಾ?

ಅಲ್ಲ. ತುಂಬಾ ಜನ ಬೀಳುವುದು ಇಲ್ಲೇ. ಎಷ್ಟು ಸಣ್ಣ ಅಂಕಿ ತೋರಿಸುತ್ತದೆ ಅನ್ನುವುದು ಒಂದು, ತೋರಿಸಿದ್ದು ಎಷ್ಟು ಸರಿ ಅನ್ನುವುದು ಬೇರೆಯೇ. 33.4 ಅಂತ ತೋರಿಸುವ ಗೇಜ್ ಎರಡು ಪಾಯಿಂಟ್ ತಪ್ಪಿರಬಹುದು. ದಶಮಾಂಶವೇ ಇಲ್ಲದ ಡಯಲ್ ಗೇಜ್ ಅರ್ಧ ಪಾಯಿಂಟ್ ಒಳಗೆ ಸರಿ ಇರಬಹುದು. ಬಾಕ್ಸ್ ಮೇಲೆ 0.1 ಅಂತ ದಪ್ಪಕ್ಷರದಲ್ಲಿ ಇರುವುದು ಬರೀ ತೋರಿಸುವ ಲೆಕ್ಕ. ಪ್ಲಸ್ ಮೈನಸ್ ಗುರುತಿನ ಪಕ್ಕ ಇರುವ ಅಂಕಿ ಹುಡುಕಿ. ಆ ಅಂಕಿಯೇ ಇಲ್ಲದಿದ್ದರೆ ಆ ಗೇಜ್ ವಾಪಸ್ ಇಟ್ಟುಬಿಡಿ.

ಡಿಜಿಟಲ್‌ಗೆ ಇರುವ ನಿಜವಾದ ಲಾಭ ಬೇರೆ. ಓದುವುದು ಸುಲಭ. ಕತ್ತಲೆ ಇದ್ದರೂ, ಕನ್ನಡಕ ಮರೆತಿದ್ದರೂ ಅಂಕಿ ಕಾಣುತ್ತದೆ. ಮುಳ್ಳನ್ನು ಪಕ್ಕದಿಂದ ನೋಡಿ ಒಂದು ಗೆರೆ ತಪ್ಪು ಓದುವ ಸಮಸ್ಯೆ ಇರುವುದಿಲ್ಲ.

ಶೇಕಡಾ 2 ತಪ್ಪು ಅಂತ ಬರೆದಿರುತ್ತೆ. 33ಕ್ಕೆ ಶೇಕಡಾ 2 ಅಂದರೆ ಮುಕ್ಕಾಲು ಪಾಯಿಂಟ್‌ಗಿಂತ ಕಮ್ಮಿ ಅಲ್ವಾ?

ಡಯಲ್ ಗೇಜ್‌ನಲ್ಲಿ ಆ ಶೇಕಡಾ ಲೆಕ್ಕ ಸಾಮಾನ್ಯವಾಗಿ ಪೂರ್ತಿ ಸ್ಕೇಲ್‌ನ ಮೇಲೆ. ನೀವು ಓದಿದ ಅಂಕಿಯ ಮೇಲಲ್ಲ. 0ರಿಂದ 60ರವರೆಗಿನ ಗೇಜ್‌ನಲ್ಲಿ ಶೇಕಡಾ 2 ಅಂದರೆ 1.2 ಪಾಯಿಂಟ್. ಅದೇ 0ರಿಂದ 160ರದ್ದಾದರೆ 3.2 ಪಾಯಿಂಟ್! ಲಾರಿಗೂ ಆಗುತ್ತೆ, ಸೈಕಲ್‌ಗೂ ಆಗುತ್ತೆ ಅಂತ ಮಾರುವ ಗೇಜ್ ನಿಮ್ಮ ಕಾರಿಗೆ ಯಾಕೆ ಬೇಡ ಅನ್ನುವುದಕ್ಕೆ ಇದೇ ಉತ್ತರ.

ಅಮೆರಿಕದ ಎಂಜಿನಿಯರ್‌ಗಳ ಸಂಘ ಎಎಸ್‌ಎಂಇ ಮಾಡಿದ ಮಾನದಂಡದ ಗ್ರೇಡ್ ಬಿ ಗೇಜ್‌ನಲ್ಲಿ ಸ್ಕೇಲ್‌ನ ನಡುವಿನ ಅರ್ಧ ಭಾಗಕ್ಕೆ ಶೇಕಡಾ 2, ಎರಡೂ ತುದಿಗೆ ಶೇಕಡಾ 3 ತಪ್ಪಿಗೆ ಅವಕಾಶ ಇದೆ. ಹಾಗಾಗಿ ನಿಮಗೆ ಬೇಕಾದ ಅಂಕಿ ಡಯಲ್‌ನ ನಡುವೆ ಬರುವ ಗೇಜ್ ಆರಿಸಿ. ಕಾರಿಗೆ, ಬೈಕಿಗೆ, ಸ್ಕೂಟರ್‌ಗೆ 0–60 ಸರಿಹೊಂದುತ್ತದೆ. ಕೆಲವು ಡಯಲ್ ಮೇಲೆ ಸಣ್ಣದಾಗಿ ಕ್ಲಾಸ್ 1.6 ಅಂತ ಇರುತ್ತದೆ. ಅಂದರೆ ಪೂರ್ತಿ ಸ್ಕೇಲ್‌ನ ಶೇಕಡಾ 1.6, 60ರ ಗೇಜ್‌ನಲ್ಲಿ ಒಂದು ಪಾಯಿಂಟ್ ಒಳಗೆ. ಒಳ್ಳೇದೇ.

ಎಷ್ಟು ತಪ್ಪು ಒಪ್ಪಬಹುದು ಅಂತ ಕೇಳಿದರೆ, ಯುರೋಪ್‌ನಲ್ಲಿ ಟೈರ್ ಗೇಜ್‌ಗಳಿಗೇ ಅಂತ 1986ರಲ್ಲಿ ಮಾಡಿದ ನಿಯಮ 4 ಬಾರ್‌ವರೆಗೆ (ಬಾರ್ ಅಂದರೆ ಒತ್ತಡದ ಇನ್ನೊಂದು ಮಾನ) 0.08 ಬಾರ್ ಮಿತಿ ಇಟ್ಟಿತ್ತು. ಅದು ಸುಮಾರು 1.2 ಪಿಎಸ್‌ಐ. ಮನೆ ಬಳಕೆಗೆ ನಾನು ಹೇಳುವುದೂ ಅಷ್ಟೇ, ಒಂದು ಪಾಯಿಂಟ್ ಆಚೀಚೆ ಸಾಕು. ಅದಕ್ಕಿಂತ ಸೂಕ್ಷ್ಮ ಬೇಕಾಗುವುದು ರೇಸ್ ಓಡಿಸುವವರಿಗೆ.

ಒಂದೇ ಟೈರ್‌ಗೆ ಮೂರು ಸಲ ಹಿಡಿದರೆ ಮೂರು ಅಂಕಿ ಬರುತ್ತೆ. ಗೇಜ್ ಕೆಟ್ಟಿದೆಯಾ?

ಮೊದಲು ನೀವು ಹಿಡಿಯುವ ರೀತಿ ನೋಡಿ. ಗೇಜ್‌ನ ಬಾಯಿ ವಾಲ್ವ್ ಮೇಲೆ ನೇರವಾಗಿ ಕೂರಬೇಕು. ಓರೆ ಆದರೆ ಗಾಳಿ ಸೋರುತ್ತದೆ, ಅಂಕಿ ಕಮ್ಮಿ ಬರುತ್ತದೆ. ಒತ್ತಿದಾಗ ಚಿಕ್ಕದಾಗಿ ಒಂದು ಸಲ ಪುಸ್ ಅನ್ನಬೇಕು, ಆಮೇಲೆ ಸದ್ದೇ ಇರಬಾರದು. ಸದ್ದು ಮುಂದುವರಿದರೆ ಆ ಅಂಕಿ ಲೆಕ್ಕಕ್ಕಿಲ್ಲ. ಸೋರಿಕೆ ಇಲ್ಲದೆ ಹಿಡಿದಾಗಲೂ ಅಂಕಿ ಎರಡು ಪಾಯಿಂಟ್ ಕುಣಿದರೆ ಆ ಗೇಜ್ ಬೇಡ. ಪ್ರತಿ ಸಲವೂ ಒಂದೂವರೆ ಪಾಯಿಂಟ್ ಜಾಸ್ತಿಯೇ ತೋರಿಸುವ ಗೇಜ್ ಇಟ್ಟುಕೊಂಡು ಬಾಳಬಹುದು, ಅಷ್ಟನ್ನು ಕಳೆದರಾಯಿತು. ಕುಣಿಯುವ ಗೇಜ್‌ನಲ್ಲಿ ಏನನ್ನು ಕಳೆಯುತ್ತೀರಿ?

ಮುಳ್ಳಿನ ಗೇಜ್ ಕೊಳ್ಳುವಾಗ ಅಂಗಡಿಯಲ್ಲೇ ಏನು ನೋಡಬಹುದು?

ಸೊನ್ನೆ. ಕೈಯಲ್ಲಿ ಸುಮ್ನೆ ಹಿಡಿದಾಗ ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ಇರಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ಗೇಜ್‌ಗಳಲ್ಲಿ ಸೊನ್ನೆಯ ಹತ್ತಿರ ಮುಳ್ಳಿಗೆ ಅಡ್ಡವಾಗಿ ಚಿಕ್ಕ ಪಿನ್ ಇಟ್ಟಿರುತ್ತಾರೆ. ಗೇಜ್ ಕೆಟ್ಟು ಮುಳ್ಳು ಸೊನ್ನೆಗಿಂತ ಕೆಳಗೆ ಹೋಗಬೇಕಿದ್ದರೂ ಪಿನ್ ತಡೆದು ನಿಲ್ಲಿಸುತ್ತದೆ, ನೋಡಲು ಸೊನ್ನೆಯಲ್ಲೇ ಇದ್ದ ಹಾಗಿರುತ್ತದೆ. ಪಿನ್ ಇಲ್ಲದ, ಮುಳ್ಳು ಸ್ವತಂತ್ರವಾಗಿ ಆಡುವ ಡಯಲ್ ಸಿಕ್ಕರೆ ಅದನ್ನೇ ತಗೊಳ್ಳಿ.

ಡಯಲ್ ಸುತ್ತ ದಪ್ಪ ರಬ್ಬರ್ ಕವಚ ಇರಲಿ. ಒಂದು ಸಲ ಗ್ರಾನೈಟ್ ನೆಲಕ್ಕೆ ಬಿದ್ದರೂ ಒಳಗಿನ ಹಲ್ಲು ಜರುಗಬಹುದು, ಹೊರಗೆ ಗಾಜಿನ ಮೇಲೆ ಗೀರೂ ಇರುವುದಿಲ್ಲ.

ಗ್ಲಿಸರಿನ್ ತುಂಬಿದ ಡಯಲ್ ಚೆನ್ನಾಗಿರುತ್ತಂತೆ?

ಮುಳ್ಳು ನಡುಗದೆ ನಿಧಾನವಾಗಿ ನಿಲ್ಲುತ್ತದೆ, ಅದು ನಿಜ. ಆದರೆ ಪೂರ್ತಿ ಸೀಲ್ ಮಾಡಿದ ಗೇಜ್ ಆದರೆ ನಮ್ಮ ಊರುಗಳಲ್ಲಿ ಒಂದು ತೊಡಕು. ಸಮುದ್ರಮಟ್ಟದ ಊರಲ್ಲಿ ಸೀಲ್ ಮಾಡಿದ ಗೇಜ್‌ನ ಡಬ್ಬಿ ಒಳಗೆ ಅಲ್ಲಿನ ಗಾಳಿಯ ಒತ್ತಡವೇ ಉಳಿದಿರುತ್ತದೆ, ಸುಮಾರು 14.7 ಪಿಎಸ್‌ಐ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಒತ್ತಡ 13.2ರ ಹತ್ತಿರ. ಆ ಒಂದೂವರೆ ಪಾಯಿಂಟ್ ವ್ಯತ್ಯಾಸ ಸೀದಾ ಮುಳ್ಳಿನ ಮೇಲೆ ಬೀಳುತ್ತದೆ, ಗೇಜ್ ಕಮ್ಮಿ ತೋರಿಸುತ್ತದೆ. ಮಡಿಕೇರಿಗೆ ಹೋದರೆ ಇನ್ನೂ ಸ್ವಲ್ಪ ಕಮ್ಮಿ. ಅದಕ್ಕೇ ಇಂಥ ಗೇಜ್‌ಗಳ ಮೇಲ್ಭಾಗದಲ್ಲಿ ಒಂದು ಪುಟ್ಟ ರಬ್ಬರ್ ಬಿರಡೆ ಇರುತ್ತದೆ. ಡಯಲ್ ನೆಟ್ಟಗೆ ಹಿಡಿದು ಅದನ್ನು ಒಂದು ಕ್ಷಣ ಸಡಿಲಿಸಿದರೆ ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗುತ್ತದೆ. ಬಿರಡೆಯೇ ಇಲ್ಲದ ಗ್ಲಿಸರಿನ್ ಗೇಜ್‌ಗಿಂತ ಸಾದಾ ಡಯಲ್ ವಾಸಿ.

ಡಿಜಿಟಲ್ ಗೇಜ್ ಎಲ್ಲಿ ಕೈಕೊಡುತ್ತೆ?

ಸೆಲ್ ವಿಷಯದಲ್ಲಿ. ಹೆಚ್ಚಿನವಕ್ಕೆ ಸಿಆರ್ 2032 ಥರದ ಬಟನ್ ಸೆಲ್. ಅದು ಇಳಿದಾಗ ಅಂಕಿ ಮಂಕಾಗುತ್ತದೆ, ಕೆಲವು ಗೇಜ್ ಏನೇನೋ ತೋರಿಸಲು ಶುರು ಮಾಡುತ್ತವೆ. ಸೆಲ್ ಬದಲಿಸಲು ಆಗುತ್ತಾ ಅಂತ ಕೊಳ್ಳುವಾಗಲೇ ನೋಡಿ. ಕೆಲವು ಅಗ್ಗದ ಗೇಜ್‌ಗಳನ್ನು ಬಿಚ್ಚಲೂ ಬರುವುದಿಲ್ಲ.

ಇನ್ನೊಂದು, ಬಹಳಷ್ಟು ಡಿಜಿಟಲ್ ಗೇಜ್‌ಗಳು ಆನ್ ಆದ ಕ್ಷಣದ ಹೊರಗಿನ ಒತ್ತಡವನ್ನೇ ಸೊನ್ನೆ ಅಂತ ತಗೊಳ್ಳುತ್ತವೆ. ಹಾಗಾಗಿ ಮೊದಲು ಆನ್ ಮಾಡಿ, ಸೊನ್ನೆ ಬಂದದ್ದು ನೋಡಿ, ಆಮೇಲೆ ವಾಲ್ವ್‌ಗೆ ಒತ್ತಿ. ಒತ್ತಿ ಹಿಡಿದುಕೊಂಡೇ ಆನ್ ಮಾಡಿದರೆ ಅಂಕಿ ತಪ್ಪಬಹುದು. ಮತ್ತೆ, ಕಲಬುರಗಿ ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇದನ್ನು ಇಡಬೇಡಿ. ಸೀಟಿನ ಕೆಳಗೆ ಅಥವಾ ಮನೆಯಲ್ಲೇ ಇರಲಿ.

ಸ್ಕೂಟರ್‌ಗೆ ಗೇಜ್ ಹಿಡಿಯೋಕೇ ಆಗಲ್ಲ, ಜಾಗನೇ ಇಲ್ಲ. ಏನು ಮಾಡಲಿ?

ಸ್ಕೂಟರ್‌ನ ಚಕ್ರ ಚಿಕ್ಕದು. ಒಂದು ಕಡೆ ಬ್ರೇಕ್ ಡ್ರಮ್ಮೋ ಡಿಸ್ಕೋ, ಇನ್ನೊಂದು ಕಡೆ ಎಂಜಿನ್ನು, ಸೈಲೆನ್ಸರ್. ಡಬ್ಬಿಗೇ ಬಾಯಿ ಅಂಟಿಸಿರುವ ಗೇಜ್ ಅಲ್ಲಿ ನುಗ್ಗುವುದಿಲ್ಲ. ಗಿಡ್ಡ ರಬ್ಬರ್ ಪೈಪ್ ಇರುವ, ತುದಿ ಓರೆಯಾಗಿ ಬಾಗಿರುವ ಗೇಜ್ ಬೇಕು. ಕಡ್ಡಿಗಳ ಚಕ್ರ ಇರುವ ಬುಲೆಟ್‌ನಂಥ ಬೈಕಿಗೂ ಇದೇ ಸಲೀಸು. ಬೈಕು ಸ್ಕೂಟರ್ ಮಾತ್ರ ಇರುವವರು ಡಿಜಿಟಲ್ಲಾ ಮುಳ್ಳಾ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನೇ ನೋಡಬೇಕು. ಪೈಪ್ ಉದ್ದ ಇದ್ದಷ್ಟೂ ಪ್ರತಿ ಸಲ ಅದರೊಳಗೆ ತುಂಬಿಕೊಳ್ಳುವ ಗಾಳಿ ಜಾಸ್ತಿ, ಚಿಕ್ಕ ಟೈರ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಒಂದು ಅಡಿ ಪೈಪ್ ಸಾಕು.

ಸೈಕಲ್‌ಗೂ ಇದೇ ಆಗುತ್ತಾ?

ಸೈಕಲ್‌ನ ವಾಲ್ವ್ ನೋಡಿ. ಕಾರಿನ ಹಾಗೇ ದಪ್ಪಗಿದ್ದು ನಡುವೆ ಪಿನ್ ಇದ್ದರೆ ಆಗುತ್ತದೆ. ತೆಳ್ಳಗೆ ಉದ್ದಕ್ಕಿರುವ ಪ್ರೆಸ್ಟಾ ಆದರೆ ಅಡಾಪ್ಟರ್ ಬೇಕು. ಊರಲ್ಲಿ ಹಾಲು ಪೇಪರ್ ಹಾಕುವ ಸಾದಾ ಸೈಕಲ್‌ನ ಹಳೇ ನಮೂನೆ ವಾಲ್ವ್‌ಗೆ ಈ ಗೇಜ್‌ಗಳಿಂದ ಅಳೆಯಲು ಬರುವುದಿಲ್ಲ, ಅಲ್ಲಿ ಹೆಬ್ಬೆರಳೇ ಗತಿ.

ಎಷ್ಟು ಹಾಕಬೇಕು ಅಂತ ಟೈರ್ ಮೇಲೇ ಬರೆದಿದೆಯಲ್ಲ?

ಅದು ಗರಿಷ್ಠ ಮಿತಿ. ಅಷ್ಟು ಹಾಕಬೇಡಿ. ನಿಮ್ಮ ಗಾಡಿಗೆ ಬೇಕಾದ್ದು ಡ್ರೈವರ್ ಬಾಗಿಲು ತೆಗೆದಾಗ ಕಾಣುವ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಕೆಲವು ಕಾರಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ. ಬೈಕಲ್ಲಿ ಚೈನ್ ಕವರ್ ಅಥವಾ ಹಿಂದಿನ ಚಕ್ರ ಹಿಡಿದ ತೋಳಿನ ಮೇಲೆ. ಒಬ್ಬರೇ ಇದ್ದಾಗ ಒಂದು ಅಂಕಿ, ಹಿಂದೆ ಜನ ಕೂತಾಗ ಇನ್ನೊಂದು ಇರುತ್ತದೆ, ಎರಡನ್ನೂ ಓದಿ. ಬಾರ್‌ನಲ್ಲಿ ಕೊಟ್ಟಿದ್ದರೆ 14.5ರಿಂದ ಗುಣಿಸಿ.

ಗೇಜ್ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ತೋರಿಸುತ್ತೆ. ಮಂಗಳೂರಿಗೆ ಹೋದರೆ ಮತ್ತೊಂದು!

ಗೇಜ್‌ನದು ತಪ್ಪಿಲ್ಲ. ಹತ್ತು ಡಿಗ್ರಿ ಬಿಸಿ ಏರಿದರೆ 33ರ ಟೈರ್‌ನಲ್ಲಿ ಸುಮಾರು ಒಂದೂವರೆ ಪಾಯಿಂಟ್ ಏರುತ್ತದೆ. ಗೇಜ್ ಅಳೆಯುವುದು ಟೈರ್ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಬೆಂಗಳೂರಿನಲ್ಲಿ ತುಂಬಿಸಿ ಘಟ್ಟ ಇಳಿದರೆ ಹೊರಗಿನ ಒತ್ತಡ ಜಾಸ್ತಿ, ಹಾಗಾಗಿ ಒಂದೂವರೆ ಕಮ್ಮಿ ಕಾಣಬೇಕು. ಆದರೆ ಮಂಗಳೂರಿನ ಸೆಕೆ ಅದರಲ್ಲಿ ಒಂದಿಷ್ಟನ್ನು ತುಂಬಿಕೊಡುತ್ತದೆ. ಎರಡು ದಿನದ ಪ್ರವಾಸಕ್ಕೆ ಇದರ ಚಿಂತೆ ಬೇಡ. ಅಲ್ಲೇ ವಾಸಕ್ಕೆ ಹೋದವರು ಅಲ್ಲಿನ ಬೆಳಗಿನ ತಂಪಲ್ಲಿ ಮತ್ತೆ ಅಳೆದು ಸರಿ ಮಾಡಿಕೊಳ್ಳಿ. ಓಡಿಸಿ ನಿಲ್ಲಿಸಿದ ಬಿಸಿ ಟೈರ್‌ನಲ್ಲಿ ಜಾಸ್ತಿ ಕಂಡಿತು ಅಂತ ಗಾಳಿ ಬಿಡಬೇಡಿ, ಬೆಳಗ್ಗೆ ಕಮ್ಮಿ ಆಗಿಬಿಟ್ಟಿರುತ್ತದೆ.

ನನ್ನ ಕಾರಲ್ಲಿ ಟಿಪಿಎಂಎಸ್ (ಟೈರ್ ಗಾಳಿ ಇಳಿದರೆ ದೀಪ ಹತ್ತಿಸಿ ಎಚ್ಚರಿಸುವ ವ್ಯವಸ್ಥೆ) ಇದೆ, ಗಾಳಿ ಕಮ್ಮಿ ಆದರೆ ಅದೇ ಹೇಳುತ್ತೆ.

ಹೇಳುತ್ತದೆ, ಆದರೆ ತಡವಾಗಿ. ಅಮೆರಿಕದಲ್ಲಿ ಈ ವ್ಯವಸ್ಥೆ ಕಡ್ಡಾಯ. ಅಲ್ಲಿನ ನಿಯಮದ ಪ್ರಕಾರವೇ ಶೇಕಡಾ 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. 33 ಇರಬೇಕಾದ್ದು 25ಕ್ಕೆ ಬಂದ ಮೇಲೆ! ಕೆಲವು ಕಾರುಗಳಲ್ಲಿ ಟೈರ್ ಒಳಗೆ ಸೆನ್ಸರೇ ಇರುವುದಿಲ್ಲ, ಚಕ್ರ ತಿರುಗುವ ವೇಗದಿಂದ ಅಂದಾಜು ಮಾಡುತ್ತವೆ. ನಾಲ್ಕೂ ಚಕ್ರದಲ್ಲಿ ಒಟ್ಟಿಗೆ ನಿಧಾನವಾಗಿ ಇಳಿದರೆ ಅವಕ್ಕೆ ತಿಳಿಯುವುದು ಕಷ್ಟ. ದಾರಿಯಲ್ಲಿ ಮೊಳೆ ಚುಚ್ಚಿದಾಗ ಟಿಪಿಎಂಎಸ್ ಜೀವ ಉಳಿಸುತ್ತದೆ. ತಿಂಗಳ ಲೆಕ್ಕಕ್ಕೆ ಗೇಜ್ ಬೇಕು.

ಕಾರಿನ ಚಾರ್ಜರ್‌ಗೆ ಹಾಕುವ ಪಂಪ್‌ನಲ್ಲೇ ಗೇಜ್ ಇದೆ, ಅದು ಸಾಕಾ?

ಗಾಳಿ ನುಗ್ಗುತ್ತಿರುವಾಗ ಅದು ತೋರಿಸುವುದು ಪೈಪ್‌ನೊಳಗಿನ ಒತ್ತಡ, ಟೈರ್‌ನದಲ್ಲ. ಪಂಪ್ ನಿಂತ ಮೇಲಿನ ಅಂಕಿ ನೋಡಿ. ಅದನ್ನು ಬೇರೆ ಗೇಜ್‌ನಿಂದ ಒಂದು ಸಲ ತಾಳೆ ಮಾಡಿ, ಎಷ್ಟು ಫರಕು ಅಂತ ಪಂಪ್ ಮೇಲೇ ಸ್ಟಿಕ್ಕರ್ ಅಂಟಿಸಿ ಬರೆದಿಡಿ.

ನೈಟ್ರೋಜನ್ ಹಾಕಿಸಿದ್ದೇನೆ, ಬೇರೆ ಗೇಜ್ ಬೇಕಾ?

ಬೇಡ. ಒತ್ತಡ ಒತ್ತಡವೇ.

ನನ್ನ ಗೇಜ್ ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಟೈರ್ ಮಾರುವ ಒಳ್ಳೇ ಅಂಗಡಿಯಲ್ಲಿ ಅವರ ಗೇಜ್‌ನ ಕ್ಯಾಲಿಬ್ರೇಷನ್ ಯಾವಾಗ ಆಯಿತು ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಸರ್ಟಿಫಿಕೇಟ್ ಇರುವ ಕಡೆ ಒಂದೇ ಟೈರ್‌ಗೆ ಇಬ್ಬರ ಗೇಜ್ ಹಿಡಿದು ನೋಡಿ. 25ರ ಹತ್ತಿರ ಒಂದು ಸಲ, 35ರ ಹತ್ತಿರ ಒಂದು ಸಲ ನೋಡಿದರೆ ಇನ್ನೂ ಒಳ್ಳೇದು, ಯಾಕಂದರೆ ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ತಪ್ಪುವ ಗೇಜ್‌ಗಳೂ ಇವೆ. ಇಬ್ಬರು ಮೂವರು ಸ್ನೇಹಿತರ ಗೇಜ್ ಸೇರಿಸಿ ನೋಡಿದರೂ ಗುಂಪಿನಿಂದ ದೂರ ಇರುವುದು ಯಾವುದು ಅಂತ ಗೊತ್ತಾಗುತ್ತದೆ. ಪಕ್ಕಾ ಬೇಕು ಅನ್ನುವವರಿಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗಳು ಇವೆ. ಆದರೆ ಅಲ್ಲಿ ಕೊಡುವ ದುಡ್ಡಿಗೆ ಇನ್ನೊಂದು ಒಳ್ಳೇ ಗೇಜೇ ಬರಬಹುದು. ಗ್ಯಾರೇಜ್ ನಡೆಸುವವರು ಮಾತ್ರ ವರ್ಷಕ್ಕೊಮ್ಮೆ ಕೊಡಲೇಬೇಕು.

ಕೊನೆಗೆ ಯಾವುದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳಿ.

ಒಂದು ಕಾರು, ಒಂದು ಸ್ಕೂಟರ್ ಇರುವ ಮನೆಗೆ ನಾನು ಹೇಳುವುದು 0–60ರ ಡಯಲ್ ಗೇಜ್, ಗಿಡ್ಡ ಪೈಪ್, ಓರೆ ಬಾಯಿ, ಗಾಳಿ ಬಿಡುವ ಗುಂಡಿ. ಗುಂಡಿ ಇದ್ದರೆ ಜಾಸ್ತಿ ಆದ ಗಾಳಿಯನ್ನು ಮುಳ್ಳು ನೋಡುತ್ತಲೇ ಬಿಡಬಹುದು. ಕಣ್ಣು ಸ್ವಲ್ಪ ಮಂಜಾಗಿರುವ ಹಿರಿಯರು, ನಸುಕಿನಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಅಳೆಯುವವರು ಲೈಟ್ ಇರುವ ಡಿಜಿಟಲ್ ತಗೊಳ್ಳಿ, ಜೊತೆಗೆ ಒಂದು ಸೆಲ್ ಜಾಸ್ತಿ ಇಟ್ಟುಕೊಳ್ಳಿ.

ಸ್ಟೆಪ್ನಿಗೂ ಇದೇ ಗೇಜ್ ಸಾಕಾ?

ಬೇರೆ ಚಕ್ರದಷ್ಟೇ ಗಾತ್ರದ ಸ್ಟೆಪ್ನಿ ಆದರೆ ಸಾಕು. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಆದರೆ ಅದರ ಮೇಲೆ ಬರೆದದ್ದು ಓದಿ, ಬಹಳಷ್ಟರಲ್ಲಿ 60 ಪಿಎಸ್‌ಐ ಅಂತ ಇರುತ್ತದೆ. ಅದಕ್ಕೆ 60ರ ಡಯಲ್ ಹಿಡಿದರೆ ಮುಳ್ಳು ತುದಿಗೆ ಹೋಗಿ ನಿಲ್ಲುತ್ತದೆ, ಗೇಜ್‌ಗೂ ಒಳ್ಳೇದಲ್ಲ. ಡಿಜಿಟಲ್ ಗೇಜ್ ಆದರೆ ಸಾಮಾನ್ಯವಾಗಿ 100ರವರೆಗೂ ಅಳೆಯುತ್ತದೆ. ಇಲ್ಲದಿದ್ದರೆ ಸ್ಟೆಪ್ನಿಯನ್ನು ಬಂಕ್‌ನ ಡಿಜಿಟಲ್ ಮೆಷಿನ್‌ನಲ್ಲೇ ನೋಡಿಸಿ, ಡಿಕ್ಕಿಯಲ್ಲಿ ಇದ್ದದ್ದು ತಣ್ಣಗೇ ಇರುತ್ತದೆ. ಇತರ ನಾಲ್ಕನ್ನು ತಿಂಗಳಿಗೊಮ್ಮೆ ನೋಡುವವರು ಇದನ್ನು ಎರಡು ಮೂರು ತಿಂಗಳಿಗೊಮ್ಮೆಯಾದರೂ ಹೊರಗೆ ತೆಗೆಯಿರಿ.